ಕ್ಯಾಚ್ ಹಿಡಿದ ಮೇಲೆ

"ನನ್ನದು ಬೇಡ," ಎಂದ ನಂದನ್. "ಅದೊಂದು ಬಿಟ್ಟು ಬೇರೆ ಯಾವುದು ಬೇಕಾದ್ರೂ ಹೇಳಿ."

"ನಂಗೆ ಅದೇ ಸರಿ ಅನ್ಸುತ್ತೆ," ಎಂದೆ.

ಅವನು ಕರಕ್ ಚಹಾದ ಕಪ್ಪನ್ನು ಮೇಜಿನ ಮೇಲೆ ಕುಕ್ಕಿದ. ಕಾಗದದ ಕಪ್ಪು, ಅಂಥ ಸದ್ದೇನೂ ಆಗಲಿಲ್ಲ. ಆದರೂ ಪಕ್ಕದ ಮೇಜಿನಲ್ಲಿ ಪರೋಟ ತಿನ್ನುತ್ತಿದ್ದ ಇಬ್ಬರು ಲಾರಿ ಡ್ರೈವರ್‌ಗಳು ನಮ್ಮ ಕಡೆ ತಿರುಗಿದರು. ಚಹಾ ಚೆಲ್ಲಿ ಅವನ ಬೆರಳುಗಳ ಮೇಲೆ ಹರಿಯಿತು. ಬಿಸಿ ಇದ್ದಿರಲೇಬೇಕು. ಅವನು ಒರೆಸಿಕೊಳ್ಳಲೂ ಇಲ್ಲ.

ಕೋಪ ಬಂದಾಗ ಅವನ ಎಡಹುಬ್ಬಿನ ನಡುವೆ ಇರುವ ಹಳೆಯ ಗಾಯದ ಗೆರೆ ಬೆಳ್ಳಗಾಗುತ್ತದೆ. ಇಂಥವು ನನ್ನ ಕಣ್ಣಿಗೆ ಬೀಳುತ್ತವೆ. ಬೇಡವೆಂದರೂ ಬೀಳುತ್ತವೆ.

ಅದು ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕ್‌ನಲ್ಲಿ ನಮ್ಮ ಕಂಪನಿಯ ಗೋದಾಮಿನ ಹಿಂದಿರುವ ಕೆಫೆಟೇರಿಯಾ. ಔಷಧದ ಡಬ್ಬಿಯೊಳಗೆ ಮಡಚಿಡುವ ಚೀಟಿಗಳನ್ನು ಅಚ್ಚಿಗೆ ಹೋಗುವ ಮೊದಲು ಓದಿ ತಪ್ಪು ಹುಡುಕುವುದು ನನ್ನ ಕೆಲಸ. ನಮ್ಮ ಡಿಸ್ಪ್ಯಾಚ್ ಮ್ಯಾನೇಜರ್ ಲೆಸ್ಟರ್ ನನ್ನನ್ನು ತನ್ನ ಬೇಸ್‌ಬಾಲ್ ತಂಡಕ್ಕೆ ಎಳೆದದ್ದೂ ಅದೇ ಕಾರಣಕ್ಕೆ. "ತಪ್ಪು ಹುಡುಕ್ಲಿಕ್ಕೆ ಇಲ್ಲಿ ನಿಮಗೆ ಸಂಬಳ ಕೊಡ್ತಾರೆ ಬಿಂದು. ನಮ್ಮಲ್ಲಿ ಫ್ರೀಯಾಗಿ ಹುಡುಕಿ," ಎಂದಿದ್ದ. ಹಾಗೆ ಮೈಸೂರಿನ ನಾನು, ಬ್ಯಾಟು ಹಿಡಿಯಲೂ ಬಾರದವಳು, ಎರಡು ಸೀಸನ್‌ಗಳಿಂದ ಆ ತಂಡದ ಸ್ಕೋರರ್.

ತಂಡದ ಹೆಸರು ಡಕ್ಸ್. ಕ್ರಿಕೆಟ್ಟಿನಲ್ಲಿ ಸೊನ್ನೆಗೆ ಔಟಾಗುವವರೆಲ್ಲ ಸೇರಿ ಕಟ್ಟಿದ ತಂಡಕ್ಕೆ ಬೇರೆ ಯಾವ ಹೆಸರಿಡಲಿ ಎನ್ನುತ್ತಾನೆ ಲೆಸ್ಟರ್. ಅರ್ಧ ಜನ ನಮ್ಮ ಕರಾವಳಿಯವರು, ಉಳಿದವರು ಫಿಲಿಪೀನ್ಸ್‌ನವರು. ಚಳಿಗಾಲದ ಶನಿವಾರಗಳಲ್ಲಿ ಆಟ.

ಸೀಸನ್ ಮುಗಿದ ಮೇಲೆ ಡಕ್ಸ್‌ನಲ್ಲಿ ಒಂದು ಪದ್ಧತಿ ಇದೆ. ಇಡೀ ವರ್ಷದಲ್ಲಿ ಅತ್ಯುತ್ತಮವಾದ ಒಂದೇ ಒಂದು ಪ್ಲೇಯನ್ನು, ಅಂದರೆ ಒಂದು ಚೆಂಡಿಗೆ ನಡೆದ ಆಟವನ್ನು, ಆರಿಸುತ್ತಾರೆ. ಆರಿಸುವವರು ಇಬ್ಬರೇ: ಸ್ಕೋರರ್ ಮತ್ತು ಹಿಂದಿನ ವರ್ಷ ಗೆದ್ದವರು. ಇಬ್ಬರೂ ಒಪ್ಪಲೇಬೇಕು. ತಮ್ಮದನ್ನು ತಾವೇ ಹೆಸರಿಸುವಂತಿಲ್ಲ. ಆರಿಸಿದ ಪ್ಲೇಯನ್ನು ವಾರ್ಷಿಕ ಊಟದ ದಿನ ಹೆಂಡತಿ ಮಕ್ಕಳೆಲ್ಲರ ಎದುರು ಇಡೀ ತಂಡ ಮೈದಾನಕ್ಕಿಳಿದು ಮತ್ತೊಮ್ಮೆ ಆಡಿ ತೋರಿಸಬೇಕು. ಹೇಗೆ ನಡೆಯಿತೋ ಹಾಗೆಯೇ, ಮೊದಲಿನಿಂದ ಕೊನೆಯವರೆಗೆ.

ಹಿಂದಿನ ವರ್ಷ ಗೆದ್ದವನು ನಂದನ್.

ಈ ವರ್ಷ ನಾನು ಹೆಸರಿಸಿದ್ದೂ ಅವನದೇ ಕ್ಯಾಚ್. ಅಬುಧಾಬಿಯ ತಂಡದ ಎದುರು ಸೆಮಿಫೈನಲ್. ಕೊನೆಯ ಇನ್ನಿಂಗ್ಸ್, ನಾವು ಒಂದು ರನ್ ಮುಂದೆ. ಅವರ ಇಬ್ಬರು ಓಟಗಾರರು ಬೇಸ್‌ಗಳ ಮೇಲೆ ಕಾಲು ತುದಿಯಲ್ಲಿ ನಿಂತಿದ್ದರು. ಚೆಂಡು ಬಲಗಡೆಯ ಗೆರೆಯ ಹತ್ತಿರಕ್ಕೆ ಹಾರಿತು. ಆ ಮೈದಾನದಲ್ಲಿ ನೆರಳಿರುವುದು ಅಲ್ಲಿ ಹಾಕಿದ ಡೇರೆಯ ಕೆಳಗೆ ಮಾತ್ರ. ನನ್ನ ಮೇಜೂ ಅಲ್ಲೇ. ನಂದನ್ ಓಡಿ ಬಂದದ್ದು ನನ್ನ ಕಡೆಗೇ ಬಂದಂತಿತ್ತು. ಇನ್ನು ಸಿಗುವುದಿಲ್ಲ ಎನ್ನುವಾಗ ಅವನು ಮೈಯನ್ನು ಗಾಳಿಗೆ ಎಸೆದುಬಿಟ್ಟ. ಎದೆಯ ಮೇಲೆ ಜಾರಿ, ಮರಳು ಎಬ್ಬಿಸಿ, ಗ್ಲೌಸ್ ಎತ್ತಿದಾಗ ಅದರ ತುದಿಯಲ್ಲಿ ಚೆಂಡಿತ್ತು.

ಔಟ್ ಎಂದು ಗುರುತು ಹಾಕಲು ನಾನು ತಲೆ ಬಗ್ಗಿಸಿದೆ. ತಲೆ ಎತ್ತಿದಾಗ ಚೆಂಡು ಆಕಾಶದಲ್ಲಿತ್ತು. ನಂದನ್ ಎಸೆದಿದ್ದ, ನೆಟ್ಟಗೆ ಮೇಲಕ್ಕೆ.

ಕ್ರಿಕೆಟ್ಟಿನಲ್ಲಿ ಕ್ಯಾಚ್ ಹಿಡಿದರೆ ಕಥೆ ಮುಗಿಯಿತು, ಚೆಂಡನ್ನು ಮೇಲೆಸೆದು ಕುಣಿಯಬಹುದು. ಬೇಸ್‌ಬಾಲ್‌ನಲ್ಲಿ ಹೊಡೆದವನು ಮಾತ್ರ ಔಟ್. ಬೇಸ್ ಮೇಲಿದ್ದವರು ಕ್ಯಾಚ್ ಆದ ಕ್ಷಣದಿಂದ ಓಡಬಹುದು. ಓಡಿದರು. ಮೊದಲನೆಯವನು ಹೇಗೂ ಕೊನೆಯ ಬೇಸ್ ಆದ ಹೋಮ್ ಮುಟ್ಟಿ ರನ್ ಗಳಿಸುತ್ತಿದ್ದ. ಚೆಂಡು ಕೆಳಗಿಳಿದು ಉರುಳಿ ಯಾರೋ ಹೆಕ್ಕುವಷ್ಟರಲ್ಲಿ ಎರಡನೆಯವನೂ ಮುಟ್ಟಿದ. ಸೋತೆವು.

ನಂದನ್ ಹೆಸರಿನ ಮುಂದೆ ಎರರ್ ಎಂದು ಬರೆದವಳು ನಾನೇ. ಬರೆಯಲೇಬೇಕಿತ್ತು. ಅಂದಿನಿಂದ ತಂಡದವರು ಅವನನ್ನು "ಕ್ರಿಕೆಟ್" ಎಂದೇ ಕರೆಯುತ್ತಾರೆ.

"ಎರರ್ ಬರ್ದವ್ರು ನೀವು," ಎಂದ ಈಗ, ಮೇಜಿನ ಮೇಲೆ ಬಾಗಿ. "ವರ್ಷದ ಬೆಸ್ಟ್ ಅಂತ ಹೇಳುವವ್ರೂ ನೀವೇ. ಎಂತ ತಮಾಷೆ ಇದು?"

"ಕ್ಯಾಚ್ ಬೇರೆ, ಎರರ್ ಬೇರೆ. ಎರಡಕ್ಕೂ ಬೇರೆ ಬೇರೆ ಗುರುತಿದೆ."

"ಊಟದ ದಿನ ನಾನು ಎಲ್ಲರ ಎದುರು ಪುನಃ ಅದನ್ನೇ ಮಾಡ್ಬೇಕು. ಬೀಳ್ಬೇಕು, ಹಿಡೀಬೇಕು, ಮೇಲೆ ಎಸೀಬೇಕು. ಅವರಿಬ್ರು ಓಡ್ಬೇಕು. ಮಕ್ಕಳೆಲ್ಲ ಚಪ್ಪಾಳೆ ತಟ್ಟಿ ನಗ್ಬೇಕು. ಇದೇ ಅಲ್ವಾ ನಿಮ್ಮ ಆಸೆ?"

"ಹಿಡಿದಲ್ಲಿಗೆ ಪ್ಲೇ ಮುಗೀತು ಅಂತ ಇಟ್ಕೊಂಡ್ರೆ..."

"ಪ್ಲೇ ಅಲ್ಲಿಗೆ ಮುಗಿಯುದಿಲ್ಲ. ಅಷ್ಟೂ ಗೊತ್ತಿಲ್ದೆ ಸ್ಕೋರರ್ ಆದದ್ದಾ ನೀವು?"

ಅವನು ಹೇಳಿದ್ದು ಸರಿ. ಅದೇ ನನಗೆ ಸಿಟ್ಟು.

ಎದ್ದು ಹೋದ. ಬಾಗಿಲ ಹತ್ತಿರ ನಿಂತು, ತಿರುಗಿ, ಏನೋ ಹೇಳಲು ಬಾಯಿ ತೆರೆದು, ಲಾರಿ ಡ್ರೈವರ್‌ಗಳನ್ನು ನೋಡಿ ಮುಚ್ಚಿಕೊಂಡ.

ನಾನು ಯಾಕೆ ಆ ಕ್ಯಾಚನ್ನೇ ಹಿಡಿದು ಕೂತೆ ಎಂದು ಅವನು ಕೇಳಲಿಲ್ಲ. ಕೇಳಿದ್ದರೂ ನಾನು ಹೇಳುತ್ತಿರಲಿಲ್ಲ. ರಸ್ತೆ ದಾಟುವಾಗ ಹಸಿರು ದೀಪ ಬಂದ ಮೇಲೂ ಇನ್ನೊಮ್ಮೆ ಎರಡೂ ಕಡೆ ನೋಡುವವಳು ನಾನು. ಒಂದು ಸಣ್ಣ ಮೆಸೇಜನ್ನು ಕಳಿಸುವ ಮೊದಲು ಮೂರು ಸಲ ಅಳಿಸುವವಳು. ಯಾವುದಕ್ಕೂ, ಯಾರಿಗಾಗಿಯೂ ಹಾಗೆ ಮೈ ಎಸೆದವಳಲ್ಲ. ಅವನು ಎಸೆದದ್ದನ್ನು ನೋಡಿದ ದಿನದಿಂದ ನನ್ನ ಎದೆಯೊಳಗೆ ಏನೋ ಅದರ ಜಾಗದಲ್ಲಿ ಇರಲಿಲ್ಲ. ಇಷ್ಟನ್ನು ಕೆಫೆಟೇರಿಯಾದಲ್ಲಿ ಹೇಳಲಾಗುತ್ತದೆಯೇ?

*

ಆ ವಾರವೆಲ್ಲ ಅವನು ವಾಟ್ಸಾಪ್‌ನಲ್ಲಿ ಬೇರೆಯವರ ಕ್ಲಿಪ್‌ಗಳನ್ನು ಕಳಿಸಿದ. ಲೆಸ್ಟರ್ ಒಂದೇ ಚೆಂಡಿನಲ್ಲಿ ಇಬ್ಬರನ್ನು ಔಟ್ ಮಾಡಿದ ಡಬಲ್ ಪ್ಲೇ. ಕೋಚ್ ರೊಮೆಲ್ ಎದುರಾಳಿಗಳ ಕಣ್ಣು ತಪ್ಪಿಸಿ ಹೋಮ್‌ಗೆ ಓಡಿ ಬಂದದ್ದು.

"ಇದ್ರಲ್ಲಿ ಎಂತ ಕಡಿಮೆ?" ಎಂದು ಕೆಳಗೆ ಬರೆಯುತ್ತಿದ್ದ.

"ಲೆಸ್ಟರ್ ಅವರ ಕಾಲು ಬೇಸ್‌ನಿಂದ ಮೊದಲೇ ಎದ್ದಿತ್ತು. ಅಂಪೈರ್ ಗಮನಿಸಲಿಲ್ಲ."

"ರೊಮೆಲ್?"

"ಎದುರು ತಂಡದಲ್ಲಿ ಹೋಮ್ ಕಾಯುವ ಕ್ಯಾಚರ್ ಆಗ ಶೂ ಲೇಸ್ ಕಟ್ಟಿಕೊಳ್ಳುತ್ತಿದ್ದ."

"ನೀವು ವಾಟ್ಸಾಪ್‌ನಲ್ಲೂ ಫುಲ್‌ಸ್ಟಾಪ್ ಹಾಕ್ತೀರಿ. ಓದಿದ್ರೆ ನೋಟಿಸ್ ಬಂದ ಹಾಗೆ ಆಗ್ತದೆ."

"ಫುಲ್‌ಸ್ಟಾಪ್ ಹಾಕುವುದು ತಪ್ಪಲ್ಲ."

"ನೋಡಿ, ಪುನಃ."

ಇದಕ್ಕೆ ನಾನು ನಕ್ಕೆ ಎಂದು ಅವನಿಗೆ ಗೊತ್ತಾಗುವ ದಾರಿ ಇರಲಿಲ್ಲ. ಮರುಕ್ಷಣವೇ ಅವನಿಂದ ಇನ್ನೊಂದು ಸಾಲು: "ನನ್ನ ಕ್ಯಾಚ್ ಕ್ಲೀನ್ ಅಲ್ಲ. ಚೆಂಡು ನೆಲಕ್ಕೆ ತಾಗಿತ್ತು. ಕೇಸ್ ಕ್ಲೋಸ್."

ನಗು ನಿಂತಿತು. ಫೋನನ್ನು ಮೇಜಿನ ಮೇಲೆ ಬೋರಲು ಹಾಕಿ, ಮತ್ತೆ ತೆಗೆದು ಓದಿದೆ. ನೆಲಕ್ಕೆ ತಾಗಿದ ಚೆಂಡನ್ನು ನಾನು ಔಟ್ ಎಂದು ಬರೆದೆನೇ? ನನ್ನ ಕಣ್ಣಿನ ಬಗ್ಗೆ ಅವನು ಹಾಗೆ ಹೇಳಬಹುದೇ?

ಕರೆ ಮಾಡಿದೆ. ಅವನು ಎತ್ತಿದ್ದೇ "ಎಂತ?" ಎಂದ.

"ತಾಗಿಲ್ಲ. ನಾನು ನೋಡಿದೀನಿ."

"ನಾನು ಹಿಡಿದವ. ನನಗೆ ಗೊತ್ತುಂಟು."

"ಹಾಗಿದ್ರೆ ಆವತ್ತೇ ಅಂಪೈರ್‌ಗೆ ಹೇಳ್ಬೇಕಿತ್ತು."

"ಹೇಳ್ಲಿಲ್ಲ. ಈಗ ನಿಮಗೆ ಹೇಳ್ತಾ ಇದ್ದೇನೆ."

"ಸುಳ್ಳು."

"ಬಿಂದು," ಎಂದ. ಮೊದಲ ಸಲ ಬರೀ ಹೆಸರು ಹಿಡಿದು ಕರೆದದ್ದು. ಆ ಕರೆಯಲ್ಲಿ ಸಿಟ್ಟೂ ಇತ್ತು, ಸುಸ್ತೂ ಇತ್ತು. "ಬಿಟ್ಟು ಬಿಡಿ ಮಾರಾಯ್ರೆ. ಒಂದು ಕ್ಯಾಚ್. ಜೀವ ಹೋಗುದಿಲ್ಲ."

ಬಿಡುವುದು ನನಗೆ ಬರುವುದಿಲ್ಲ. ಅಬುಧಾಬಿ ತಂಡದ ಕ್ಯಾರೊಲಿನ್ ಆ ದಿನ ನಮ್ಮ ಡೇರೆಯ ಹಿಂದೆಯೇ ನಿಂತು ಮೊಬೈಲ್‌ನಲ್ಲಿ ಆಟ ಹಿಡಿಯುತ್ತಿದ್ದಳು. ಅಷ್ಟು ಹತ್ತಿರದಿಂದ ಹಿಡಿದ ಕ್ಲಿಪ್ ಬೇರೆ ಇಲ್ಲ. ಕಳಿಸುತ್ತೀಯಾ ಎಂದು ಅವಳಿಗೆ ಬರೆದೆ.

ಮರುದಿನ ಆಫೀಸಿನಲ್ಲಿ ಲೆಸ್ಟರ್ ನನ್ನ ಮೇಜಿನ ಮೂಲೆಯ ಮೇಲೆ ಕೂತ. "ಎಂತ ಬಿಂದು, ತೀರ್ಮಾನ ಆಯ್ತಾ? ಭಾನುವಾರ ನಮ್ಮಲ್ಲಿ ಊಟಕ್ಕೆ ಬನ್ನಿ ಇಬ್ರೂ. ಅಲ್ಲಿ ಹೇಳ್ಬೇಕು. ಇಲ್ಲದಿದ್ರೆ ಈ ವರ್ಷ ಬಹುಮಾನವೇ ಇಲ್ಲ. ಹಾಗೆ ಯಾವತ್ತೂ ಆಗ್ಲಿಲ್ಲ."

"ಅವ್ರು ಒಪ್ತಾ ಇಲ್ಲ."

"ಒಪ್ಪಿಸಿ ಮಾರಾಯ್ರೆ. ಮತ್ತೆ ಅವ ಸಿಗುದಿಲ್ಲ. ಅಲ್ ಐನ್‌ಗೆ ಟ್ರಾನ್ಸ್‌ಫರ್ ಆಯ್ತಲ್ಲ, ಗೊತ್ತಿಲ್ವಾ?"

ನಂದನ್ ಆಸ್ಪತ್ರೆಗಳ ಯಂತ್ರಗಳನ್ನು ನೋಡಿಕೊಳ್ಳುವ ಇಂಜಿನಿಯರ್. ಅಲ್ ಐನ್‌ನ ಆಸ್ಪತ್ರೆಯೊಂದಕ್ಕೆ ಅವನನ್ನು ಹಾಕಿದ್ದರು. ವಾರ್ಷಿಕ ಊಟ ಮುಗಿದ ವಾರವೇ ಹೊರಡಬೇಕು.

"ಡಕ್ಸ್ ಖಲಾಸ್ ಅವನಿಗೆ," ಎಂದ ಲೆಸ್ಟರ್.

ಅಲ್ ಐನ್ ದೂರವಲ್ಲ, ಕಾರಿನಲ್ಲಿ ಒಂದೂವರೆ ಗಂಟೆ. ಆದರೆ ಹೋಗಲು ಕಾರಣವೇ ಇಲ್ಲದವರಿಗೆ ಅದು ಬಹಳ ದೂರ. ಶನಿವಾರದ ಆಟ ಬಿಟ್ಟರೆ ನಮ್ಮಿಬ್ಬರ ನಡುವೆ ಏನಿತ್ತು? ಅವನು ಹೋಗುತ್ತಾನೆ. ತಂಡದ ಮುಂದೆ ತನ್ನನ್ನು ಕೋಡಂಗಿ ಮಾಡಲು ಹೊರಟಿದ್ದ ಹೆಂಗಸು ಎಂದು ನನ್ನನ್ನು ನೆನೆಯುತ್ತಾನೆ, ಅಥವಾ ನೆನೆಯುವುದೇ ಇಲ್ಲ. ಎರಡರಲ್ಲಿ ಯಾವುದು ಹೆಚ್ಚು ಕೆಟ್ಟದ್ದು ಎಂದು ಯೋಚಿಸುತ್ತ ಕೂತಿದ್ದೆ. ಎದುರಿಗಿದ್ದ ಕೆಮ್ಮಿನ ಸಿರಪ್ಪಿನ ಚೀಟಿಯಲ್ಲಿ ಒಂದು ಸಾಲು ಎರಡು ಸಲ ಅಚ್ಚಾಗಿದ್ದುದು ಸಂಜೆಯವರೆಗೂ ನನಗೆ ಕಾಣಲಿಲ್ಲ.

*

ಲೆಸ್ಟರ್‌ನ ಮನೆ ಮಿರ್ದಿಫ್‌ನಲ್ಲಿ. ತಲೆಯ ಮೇಲೆಯೇ ವಿಮಾನಗಳು ಇಳಿಯುತ್ತವೆ. ಅಲ್ಲಿನವರು ಮಾತಿನ ನಡುವೆ ಸುಮ್ಮನಾಗಿ, ವಿಮಾನ ದಾಟಿದ ಮೇಲೆ ಬಿಟ್ಟಲ್ಲಿಂದಲೇ ಮುಂದುವರಿಸುತ್ತಾರೆ.

ಭಾನುವಾರ ನಾನು ಹೋದಾಗ ನಂದನ್ ಆಗಲೇ ಬಂದಿದ್ದ. ನೀಲಿ ಶರ್ಟು, ತೋಳು ಮೊಣಕೈಯವರೆಗೆ ಮಡಚಿತ್ತು. ಮೊಣಕೈಯಲ್ಲಿ ಆ ದಿನದ ತರಚು ಗಾಯ ಒಣಗಿ ಕಂದು ಬಣ್ಣಕ್ಕೆ ತಿರುಗಿತ್ತು. ನಾನು ನೋಡುತ್ತಿರುವುದನ್ನು ಕಂಡು ತೋಳು ಕೆಳಗೆಳೆದುಕೊಂಡ.

"ಗಾಯಕ್ಕೂ ಎರರ್ ಹಾಕ್ಲಿಕ್ಕುಂಟಾ?" ಎಂದ.

"ಅದಕ್ಕೆ ಅಂಕಣ ಇಲ್ಲ."

"ಪುಣ್ಯ."

ಲೆಸ್ಟರ್‌ನ ಹೆಂಡತಿ ಮೆಟಿಲ್ಡಾ ಅಡುಗೆಮನೆಯಿಂದ ನೀರುದೋಸೆಯ ತಟ್ಟೆ ತಂದಿಟ್ಟಳು. "ಮೊದಲು ತಿನ್ನಿ ಇಬ್ರೂ. ಹೊಟ್ಟೆ ತುಂಬಿದ ಮೇಲೆ ಜಗಳ ಮಾಡಿ, ನಾನೂ ಕೂತು ನೋಡ್ತೇನೆ. ಬಿಂದು, ನಿಮಗೆ ಕೋಳಿ ಸುಕ್ಕ ಆಗುದಿಲ್ಲ ಅಲ್ವಾ? ಕಾಯಿಬೆಲ್ಲ ಮಾಡಿದ್ದೇನೆ."

"ತಿನ್ನುವ ಮೊದಲು ಒಂದು ವಿಷಯ," ಎಂದೆ. ನನ್ನ ಧ್ವನಿ ಬೇಕಾದ್ದಕ್ಕಿಂತ ಜೋರಾಗಿತ್ತು. "ಕ್ಯಾರೊಲಿನ್ ಕ್ಲಿಪ್ ಕಳಿಸಿದಾಳೆ. ಚೆಂಡು ತಾಗಿತ್ತೋ ಇಲ್ವೋ, ಎಲ್ಲರೂ ನೋಡಿಬಿಡಲಿ."

ನಂದನ್‌ನ ಕೈ ದೋಸೆಯ ಮೇಲೆ ನಿಂತಿತು. "ಯಾವ ಕ್ಲಿಪ್?"

"ಡೇರೆ ಹಿಂದಿನಿಂದ ತೆಗೆದದ್ದು."

"ಎಂತಕ್ಕೆ ತರಿಸಿದ್ರಿ ನೀವು?"

"ನೀವು ನನ್ನ ಕಣ್ಣಿನ ಮೇಲೆ ಸಂಶಯ ಪಟ್ರಿ, ಅದಕ್ಕೆ."

ಲೆಸ್ಟರ್‌ಗೆ ಆಗಲೇ ಉತ್ಸಾಹ ಬಂದಿತ್ತು. ನನ್ನ ಫೋನನ್ನು ಟಿವಿಗೆ ಜೋಡಿಸಿದ. ಪರದೆಯ ತುಂಬ ಮೊದಲು ಕಂಡದ್ದು ನಾನು, ಹಿಂದಿನಿಂದ. ನನ್ನ ಕುತ್ತಿಗೆ, ಎತ್ತಿ ಕಟ್ಟಿದ ಕೂದಲು. ನಾಚಿಕೆಯಾಯಿತು. ಅದರಾಚೆ ನಂದನ್ ಓಡಿ ಬಂದ, ಹಾರಿದ, ಜಾರಿದ. ಗ್ಲೌಸ್ ಎತ್ತಿದ. ಚೆಂಡಿಗೂ ನೆಲಕ್ಕೂ ನಡುವೆ ಬೆಳಕು ಸ್ಪಷ್ಟವಾಗಿ ಕಂಡಿತು.

"ನೋಡಿ!" ಎಂದೆ. "ತಾಗಿಲ್ಲ!"

ಪರದೆಯಲ್ಲಿ ನನ್ನ ತಲೆ ಬಗ್ಗಿತು. ನಂದನ್ ಮೊಣಕಾಲ ಮೇಲೆ ಎದ್ದು ಕೂತ. ಅಷ್ಟರಲ್ಲಿ ಟಿವಿ ಕಪ್ಪಾಯಿತು.

ರಿಮೋಟ್ ಅವನ ಕೈಯಲ್ಲಿತ್ತು.

"ಇನ್ನೂ ಉಂಟಲ್ಲ ಮಾರಾಯ," ಎಂದ ಲೆಸ್ಟರ್. "ಮೈನ್ ಸೀನ್! ಕ್ರಿಕೆಟ್!"

"ಸಾಕು."

"ಅರೆ, ಹಾಕು ಮಾರಾಯ..."

"ಸಾಕು ಅಂದೆ ಅಲ್ವಾ!"

ಅವನು ಎದ್ದು ಹೊರಗೆ ಹೋದ. ಬಾಗಿಲು ಬಡಿಯಿತು. ದೋಸೆಯ ಆವಿ ಮಾತ್ರ ಅಲುಗಾಡುತ್ತಿತ್ತು.

"ನನ್ನ ರಿಮೋಟ್ ತಕೊಂಡು ಹೋದ ಅವ," ಎಂದಳು ಮೆಟಿಲ್ಡಾ. ಆಮೇಲೆ ನನ್ನನ್ನು ನೋಡಿದಳು, ಸ್ವಲ್ಪ ಹೊತ್ತು, ತಲೆ ಓರೆ ಮಾಡಿ. "ಲೆಸ್ಟರ್, ನೀನು ಕೂತ್ಕೋ. ಬಿಂದು, ನೀವು ಹೋಗಿ ತನ್ನಿ."

ಕಾಂಪೌಂಡಿನ ಗೋಡೆಯ ಪಕ್ಕದಲ್ಲಿ, ಬೋಗನ್‌ವಿಲ್ಲಾದ ಚೂರು ನೆರಳಿನಲ್ಲಿ ಅವನು ನಿಂತಿದ್ದ. ನನ್ನ ಚಪ್ಪಲಿಯ ಸದ್ದು ಕೇಳಿಯೂ ತಿರುಗಲಿಲ್ಲ.

"ರಿಮೋಟ್ ಕೊಡಿ."

"ತಾಗ್ಲಿಲ್ಲ. ಕ್ಲೀನ್ ಕ್ಯಾಚ್. ಗೆದ್ರಿ ನೀವು. ಖುಷಿಯಾ?"

"ಸುಳ್ಳು ಹೇಳಿದ್ರಿ ನೀವು."

"ಹೇಳಿದೆ."

"ಯಾಕೆ? ನಿಮ್ಮ ಕ್ಯಾಚನ್ನ ನೀವೇ ಸುಳ್ಳು ಮಾಡೋಷ್ಟು ನನ್ನ ಮೇಲೆ ಸಿಟ್ಟಾ?"

ವಿಮಾನ ಬಂತು. ಎಷ್ಟು ಕೆಳಗೆಂದರೆ ಅದರ ಹೊಟ್ಟೆಯ ಮೊಳೆಗಳನ್ನೂ ಎಣಿಸಬಹುದಿತ್ತು. ಮಾತು ನಿಲ್ಲಿಸಿ ನಿಂತೆವು. ಅಷ್ಟು ಹೊತ್ತೂ ಅವನು ನನ್ನ ಮುಖ ನೋಡುತ್ತಿದ್ದ, ತಪ್ಪಿಸಿಕೊಳ್ಳಲು ಬೇರೆ ಏನೂ ಇರಲಿಲ್ಲ. ಅವನ ರೆಪ್ಪೆಗಳು ಬಿಸಿಲಿಗೆ ಕಂದಾಗಿದ್ದವು. ಸಿಟ್ಟಿನವನ ಕಣ್ಣು ಹೀಗಿರುವುದಿಲ್ಲ ಎಂದು ನನಗೆ ಅನ್ನಿಸತೊಡಗಿತು. ಅನ್ನಿಸಿದ್ದೇ ಹೆದರಿಕೆಯೂ ಆಯಿತು.

ಸದ್ದು ದಾಟಿತು.

"ಔಷಧದ ಚೀಟಿಯಲ್ಲಿ ಒಂದು ಕಾಮಾ ಬಿಟ್ಟುಹೋದ್ರೂ ನಿಮಗೆ ಕಾಣ್ತದಂತೆ," ಎಂದ. "ಲೆಸ್ಟರ್ ಹೇಳ್ತಾನೆ. ಟಿವಿಯಲ್ಲಿ ಅಷ್ಟು ದೊಡ್ಡದಾಗಿ ಇದ್ದದ್ದು ಕಾಣ್ಲಿಲ್ವಾ?"

"ಏನ್ ಕಾಣ್ಬೇಕಿತ್ತು? ಅರ್ಧ ನನ್ನ ತಲೇನೇ ಅಡ್ಡ ಇತ್ತು."

"ಆ ತಲೆಯೇ ತೊಂದರೆ."

ನನ್ನ ಕೈ ತಾನಾಗಿ ಎತ್ತಿ ಕಟ್ಟಿದ ಕೂದಲಿಗೆ ಹೋಯಿತು.

"ಕ್ರಿಕೆಟ್ ಅಭ್ಯಾಸ ಅಂತ ಎಲ್ರೂ ಹೇಳ್ತಾರೆ," ಎಂದ, ರಿಮೋಟನ್ನು ಒಂದು ಕೈಯಿಂದ ಇನ್ನೊಂದಕ್ಕೆ ದಾಟಿಸುತ್ತ. "ಹೇಳ್ಲಿ. ಎಷ್ಟು ವರ್ಷದಿಂದ ಬೇಸ್‌ಬಾಲ್ ಆಡ್ತಾ ಇದ್ದೇನೆ ನಾನು? ಓಟಗಾರರು ಓಡ್ತಾರೆ, ಕೂಡ್ಲೇ ಹೋಮ್‌ಗೆ ಎಸೀಬೇಕು ಅಂತ ನನಗೆ ಗೊತ್ತಿಲ್ವಾ? ಗೊತ್ತಿತ್ತು. ಆದ್ರೆ ನಾನು ಮೊದ್ಲು ನಿಮ್ಮ ಕಡೆ ನೋಡಿದೆ."

"ನನ್ನ..."

"ಎರಡು ಸೀಸನ್. ಬೇರೆ ಎಲ್ರೂ ಬೊಬ್ಬೆ ಹಾಕ್ತಾರೆ, ಕುಣೀತಾರೆ. ನೀವು ಒಂದು ಸಲ, ಒಂದೇ ಒಂದು ಸಲ ನನ್ನ ಆಟ ನೋಡಿ ಮುಖ ಅರಳಿಸಿದ್ದು ನಾನು ಕಾಣ್ಲಿಲ್ಲ. ಹೋದ ವರ್ಷ ಬಹುಮಾನ ಬಂತಲ್ಲ? ಆಗಲೂ ನೀವು ಎಂತದೋ ಬರೀತಾ ಇದ್ರಿ. ಈ ಕ್ಯಾಚ್ ಹಿಡಿದಾಗ ಅನ್ಸಿತು, ಇದಕ್ಕಾದ್ರೂ ನೋಡ್ತಾರೆ ಅಂತ. ಎದ್ದು ನೋಡ್ತೇನೆ, ತಲೆ ಬಗ್ಗಿಸಿ ಬರೀತಾ ಇದ್ದೀರಿ."

"ಬರೀಲೇಬೇಕಲ್ವಾ, ಔಟ್ ಆದ್ಮೇಲೆ..."

"ಗೊತ್ತುಂಟು!" ಅವನ ಧ್ವನಿ ಒಡೆಯಿತು. "ಅದಕ್ಕೇ ಎಸೆದದ್ದು. ಮೇಲೆ. ನೀವು ತಲೆ ಎತ್ತಲಿ ಅಂತ."

ಎಲ್ಲೋ ಒಂದು ಕಾರು ರಿವರ್ಸ್ ತೆಗೆಯುವ ಸದ್ದು ಕೇಳುತ್ತಿತ್ತು.

"ಇಡೀ ತಂಡ ಸೋತದ್ದು ಅದ್ರಿಂದ," ಎಂದ, ಈಗ ಮೆಲ್ಲಗೆ. "ರೊಮೆಲ್ ಆವತ್ತು ಅತ್ತ, ಗೊತ್ತುಂಟಾ ನಿಮಗೆ? ಪೆದ್ದ ಅಂತ ಕರೀಲಿ, ಕ್ರಿಕೆಟ್ ಅಂತ ಕರೀಲಿ, ಪರವಾಗಿಲ್ಲ. ಆದ್ರೆ ಊಟದ ದಿನ ಹೇಗೆ ಮಾಡಿದೆನೋ ಹಾಗೇ ಮಾಡಿ ತೋರಿಸ್ಬೇಕಾದ್ರೆ, ನಾನು ಯಾವ ಕಡೆ ನೋಡಿದೆ ಅಂತ ಮಕ್ಕಳಿಗೂ ಗೊತ್ತಾಗ್ತದೆ. ಹೇಗೂ ಹೋಗುವವ ನಾನು. ನನ್ನ ಪಾಡಿಗೆ ಹೋಗ್ತಿದ್ದೆ. ನೀವು ಬಿಡ್ಲಿಲ್ಲ."

ನಾನು ಏನಾದರೂ ಹೇಳಬೇಕಿತ್ತು. ಬೇಕಾದ ಮಾತು ಗೊತ್ತಿತ್ತು. ಅದರ ಸುತ್ತ ಸಾವಿರ ಸಂಶಯಗಳಿದ್ದವು: ಸರಿಯಾಗಿ ಕೇಳಿಸಿಕೊಂಡೆನೇ, ಅವನು ನಾಳೆ ಮಾತು ಬದಲಿಸಿದರೆ, ನಾನು ಹೇಳಿದ್ದು ಕಡಿಮೆಯಾದರೆ, ಹೆಚ್ಚಾದರೆ. ಕೊನೆಗೆ ಬಾಯಿಂದ ಬಂದದ್ದು ಇಷ್ಟು:

"ಹಾಗಿದ್ರೆ ಅದು ಎರರ್ರೇ."

ಅವನು ನನ್ನನ್ನು ದಿಟ್ಟಿಸಿದ. ಆಮೇಲೆ ನಕ್ಕ. ಆ ನಗು ನೋಡಲಾಗಲಿಲ್ಲ.

"ಹೌದು," ಎಂದ. "ಸರಿಯಾಗಿಯೇ ಬರ್ದಿದ್ದೀರಿ." ರಿಮೋಟನ್ನು ನನ್ನ ಕೈಗೆ ಕೊಟ್ಟು, ನನ್ನನ್ನು ದಾಟಿ ಮನೆಯೊಳಗೆ ಹೋದ.

*

ನಾನು ಒಳಗೆ ಬರುವಷ್ಟರಲ್ಲಿ ಅವನು ಸೋಫಾದ ಅಂಚಿನಲ್ಲಿ ಕೂತು ಲೆಸ್ಟರ್‌ಗೆ ಹೇಳುತ್ತಿದ್ದ. "ಆಯ್ತು. ಕ್ಯಾಚೇ ಇರ್ಲಿ. ನಾನು ಒಪ್ಪಿದೆ. ಊಟದ ದಿನ ಮಾಡಿ ತೋರಿಸ್ತೇನೆ, ಎಷ್ಟು ಬೇಕಾದ್ರೂ ನಗಿ ಎಲ್ರೂ. ಮುಗೀತಲ್ಲ?"

"ಯಲ್ಲಾ!" ಲೆಸ್ಟರ್ ತೊಡೆ ತಟ್ಟಿದ. "ಅಂತೂ ಕ್ರಿಕೆಟ್ ಒಪ್ಪಿದ! ಬಿಂದು, ನಿಮ್ಮದು ಹೇಗೂ ಉಂಟು. ಹಾಗಾದ್ರೆ ಫೈನಲ್."

"ನಾನು ಒಪ್ಪಲ್ಲ," ಎಂದೆ.

ಮೂವರೂ ನನ್ನತ್ತ ತಿರುಗಿದರು. ನಾನು ಇನ್ನೂ ಬಾಗಿಲಲ್ಲೇ ಇದ್ದೆ, ರಿಮೋಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು.

"ಎಂತ ಒಪ್ಪುದಿಲ್ಲ?" ಎಂದ ಲೆಸ್ಟರ್. "ಹೆಸರು ಹೇಳಿದ್ದೇ ನೀವು!"

"ವಾಪಸ್ ತಗೋತೀನಿ."

ನಂದನ್ ಎದ್ದು ನಿಂತ. ಹುಬ್ಬಿನ ಗೆರೆ ಸುಣ್ಣದ ಹಾಗೆ ಬೆಳ್ಳಗಾಗಿತ್ತು. "ಈಗ ಎಂತ ತಪ್ಪು ಸಿಕ್ತು ಅದ್ರಲ್ಲಿ? ಹೇಳಿ. ಎಲ್ಲರ ಎದುರು ಹೇಳಿ. ಒಂದು ವಾರದಿಂದ ನನ್ನ ಪ್ರಾಣ ತಿಂದಿರಿ. ಅದೇ ಬೆಸ್ಟ್, ಅದೇ ಬೆಸ್ಟ್ ಅಂತ. ಈಗ ಬೇಡ?"

"ಬೆಸ್ಟ್ ಅದೇ."

"ಮತ್ತೆ?"

ನನ್ನ ಕಿವಿಗಳು ಸುಡುತ್ತಿದ್ದವು. ಎರಡೂ ಕಡೆ ನೋಡಲಿಲ್ಲ. ಮಾತನ್ನು ಮನಸ್ಸಿನಲ್ಲಿ ಒಮ್ಮೆ ಓದಿಯೂ ನೋಡಲಿಲ್ಲ.

"ಬಹುಮಾನ ಕೊಡೋದು ತಂಡದ ಪ್ಲೇಗೆ," ಎಂದೆ. "ಆ ಕ್ಯಾಚ್ ತಂಡದ್ದಲ್ಲ."

"ತಂಡದ್ದಲ್ದೆ ಮತ್ತೆ ಯಾರದ್ದು?" ಎಂದ ಲೆಸ್ಟರ್.

"ನನ್ನದು."

ವಿಮಾನವೊಂದು ಬಂತು. ಕಿಟಕಿಯ ಗಾಜು ನಡುಗಿತು, ತಟ್ಟೆಗಳು ಸಣ್ಣಗೆ ಸದ್ದು ಮಾಡಿದವು. ಅದು ದಾಟುವವರೆಗೆ ಯಾರೂ ಏನೂ ಹೇಳುವಂತಿರಲಿಲ್ಲ. ನಂದನ್ ನನ್ನ ಮುಖದಲ್ಲಿ ಏನನ್ನೋ ಹುಡುಕುತ್ತಿದ್ದ, ಸಿಕ್ಕಿದ ಮೇಲೂ ನಂಬದೆ ಮತ್ತೆ ಹುಡುಕುತ್ತಿದ್ದ. ಅವನ ಬಿಗಿದ ದವಡೆ ಮೊದಲು ಸಡಿಲವಾಯಿತು, ಆಮೇಲೆ ಭುಜಗಳು. ಒಂದು ಕೈ ತಾನಾಗಿ ಸೋಫಾದ ಬೆನ್ನು ಹಿಡಿದುಕೊಂಡಿತು.

ಸದ್ದು ದಾಟಿದ ಮೇಲೆ ಮೊದಲು ಮಾತಾಡಿದವಳು ಮೆಟಿಲ್ಡಾ. "ಲೆಸ್ಟರ್, ಅಡುಗೆಮನೆಗೆ ಬಾ."

"ಎಂತಕ್ಕೆ? ಹಾಗಾದ್ರೆ ಬಹುಮಾನ ಯಾರಿಗೆ?"

"ನಿಮ್ಮ ಡಬಲ್ ಪ್ಲೇಗೆ," ಎಂದೆ, ನಂದನ್‌ನಿಂದ ಕಣ್ಣು ತೆಗೆಯದೆ. "ಕಾಲು ಎದ್ದಿತ್ತು. ಆದ್ರೂ ಚೆನ್ನಾಗಿತ್ತು."

"ನಾನು ಒಪ್ಪಿದೆ," ಎಂದ ನಂದನ್, ಅವನೂ ಲೆಸ್ಟರ್ ಕಡೆ ನೋಡದೆ.

ಲೆಸ್ಟರ್ ಕೂಗಿದ ಕೂಗಿಗೆ ಪಕ್ಕದ ಮನೆಯ ನಾಯಿ ಬೊಗಳಿತು. ಮೆಟಿಲ್ಡಾ ಅವನ ಶರ್ಟಿನ ತೋಳು ಹಿಡಿದು ಒಳಗೆ ಎಳೆದುಕೊಂಡು ಹೋದಳು.

ನಾವಿಬ್ಬರೇ ಉಳಿದೆವು. ಅವನ ಎದುರಿನ ಕುರ್ಚಿಯಲ್ಲಿ ಕೂತೆ.

"ಹೊರಗೆ ಎಂತಕ್ಕೆ ಹೇಳ್ಲಿಲ್ಲ?" ಎಂದ. ಇನ್ನೂ ಜಗಳದ ಧ್ವನಿಯೇ. "ನಾನು ಎಷ್ಟು ದೊಡ್ಡ ಪೆದ್ದ ಅಂತ ಅನ್ಸಿತು ಗೊತ್ತುಂಟಾ? ಎರರ್ರೇ ಅಂತೆ."

"ಎರರ್ ಅದು. ಬದಲಾಯಿಸಲ್ಲ."

"ಯಾರು ಬದಲಾಯಿಸಿ ಅಂದದ್ದು?"

"ಮತ್ತೆ ಯಾಕೆ ಕೂಗಾಡ್ತೀರಾ?"

"ನಾನು ಕೂಗಾಡ್ತಾ ಇಲ್ಲ!"

ಅಡುಗೆಮನೆಯಲ್ಲಿ ಯಾರೋ ನಗು ತಡೆದುಕೊಂಡರು. ಅವನು ಧ್ವನಿ ತಗ್ಗಿಸಿದ. ನನ್ನ ತಟ್ಟೆಗೆ ಒಂದು ನೀರುದೋಸೆ ಹಾಕಿ, ಅದರ ಮೇಲೆ ಕಾಯಿಬೆಲ್ಲ ಸುರಿದ, ಅಗತ್ಯಕ್ಕಿಂತ ಬಹಳ ಹೆಚ್ಚು.

"ಅಲ್ ಐನ್‌ನಲ್ಲಿ ನನಗೆ ಯಾರೂ ಪರಿಚಯ ಇಲ್ಲ," ಎಂದ.

"ಶನಿವಾರ ಬರ್ತೀನಿ."

"ಅಲ್ಲಿ ತಂಡ ಇಲ್ಲ, ಆಟ ಇಲ್ಲ. ಬಂದು ಎಂತ ಮಾಡ್ತೀರಿ?"

"ಜಗಳ," ಎಂದೆ. "ಇನ್ನೂ ಅರ್ಧ ಬಾಕಿ ಇದೆ."